ಭಾವನ ಮಣ್ಣು, ಅಕ್ಕನ ಗೆರೆ

ನನ್ನ ಭಾವ ಮಣ್ಣು ತಿನ್ನುತ್ತಾರೆ. ಹೀಗೆ ಬರೆದರೆ ಅಕ್ಕ ಮುನಿಸಿಕೊಳ್ಳುತ್ತಾಳೆಂದು ಗೊತ್ತು. ತಿನ್ನುವುದಲ್ಲ, ರುಚಿ ನೋಡುವುದು ಎಂದು ತಿದ್ದುತ್ತಾಳೆ. ಮನೆಯೊಳಗೆ ಏನೇ ಅಂದರೂ ಹೊರಗಿನವರ ಮುಂದೆ ಗಂಡನ ಮಾನವನ್ನು ಎಳ್ಳಷ್ಟೂ ಬಿಟ್ಟುಕೊಟ್ಟವಳಲ್ಲ ಅವಳು. ಆಗಲಿ, ರುಚಿ ನೋಡುತ್ತಾರೆ. ದಾರಿಯಲ್ಲಿ ನಡೆಯುತ್ತಿದ್ದವರು ಫಕ್ಕನೆ ನಿಂತು, ಹೊಸ ಮನೆಗೆ ಪಾಯ ತೋಡಿದ ಗುಡ್ಡೆಯಿಂದಲೋ ಉದ್ಯಾನದ ಅಂಚಿನಿಂದಲೋ ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸಕಿ, ಮೂಸಿ, ನಾಲಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, ದೂರದಲ್ಲಿ ಯಾರೋ ಕರೆಯುತ್ತಿರುವುದನ್ನು ಆಲಿಸುವವರಂತೆ ತಲೆಯನ್ನು ಓರೆ ಮಾಡುತ್ತಾರೆ. ಬಳಿಕ ಕರವಸ್ತ್ರಕ್ಕೆ ಮರ್ಯಾದೆಯಿಂದ ಉಗುಳಿ, ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿ, ತೀರ್ಪು ಹೇಳುತ್ತಾರೆ: ಹುಳಿ, ಅಥವಾ ಸಪ್ಪೆ. ಮೆಚ್ಚುಗೆಯ ಮಾತನ್ನು ನಾನು ಅವರ ಬಾಯಿಂದ ಬಹುಕಾಲ ಒಂದೇ ಸಲ ಕೇಳಿದ್ದು, ಅದೂ ಸ್ಮಶಾನದಲ್ಲಿ. ಅವರ ಹಳೆಯ ಮೇಲಧಿಕಾರಿಯನ್ನು ಗುಣಿಗೆ ಇಳಿಸಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ಭಾವನ ಸರದಿ ಬಂತು. ಹಿಡಿ ತುಂಬಿಕೊಂಡವರು ಅಭ್ಯಾಸಬಲದಿಂದ ಒಂದು ಚೂರನ್ನು ನಾಲಗೆಗೆ ಸೋಕಿಸಿಯೇಬಿಟ್ಟರು. ಮೃತರ ಪತ್ನಿ ಅದನ್ನು ಶೋಕದ ಪರಾಕಾಷ್ಠೆಯೆಂದು ತಿಳಿದು ಇನ್ನಷ್ಟು ಅತ್ತರು. ಹಿಂದಿರುಗುವಾಗ ಭಾವ ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಎಂಥಾ ಮಣ್ಣು ಕಣೋ. ಇಲ್ಲಿ ಸುಮ್ಮನೆ ಬಿದ್ದಿದೆ."

ಮಣ್ಣಿನ ಹುಚ್ಚು ಹಿಡಿಯುವ ಮೊದಲು ಭಾವ ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಗಳ ಸತ್ಯಾಸತ್ಯವನ್ನು ಪರೀಕ್ಷಿಸುವುದು, ಸರಿಯಿದ್ದವಕ್ಕೆ ಸೀಸದ ಮುದ್ರೆ ಒತ್ತುವುದು, ಸವೆದ ತೂಕದ ಕಲ್ಲುಗಳನ್ನು ವಶಪಡಿಸಿಕೊಂಡು ಕಚೇರಿಯ ಹಿಂಬದಿಯಲ್ಲಿ ಸುತ್ತಿಗೆಯಿಂದ ಕುಟ್ಟಿಹಾಕುವುದು ಅವರ ಕೆಲಸ. ಸರಕಾರದ ಹಿತ್ತಾಳೆಯ ತೂಕಗಳನ್ನು ತುಂಬಿದ ಚರ್ಮದ ಚೀಲವನ್ನು ಅಷ್ಟು ವರ್ಷವೂ ಬಲಗೈಯಲ್ಲೇ ಹೊತ್ತು ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ನಿವೃತ್ತರಾಗಿ ಚೀಲ ಹಿಂದಿರುಗಿಸಿದ ಮೇಲೆ ಆ ಭಾರವಿಲ್ಲದೆ ನಡೆಯಲು ಬಾರದೆ ಕೆಲವು ತಿಂಗಳು ಬೀದಿಯಲ್ಲಿ ಎಡಕ್ಕೆ ಎಡಕ್ಕೆ ಸರಿದುಹೋಗುತ್ತಿದ್ದರು. ಈಗ ಆ ತೊಂದರೆಯಿಲ್ಲ. ಇಲಾಖೆಯ ಬೂದುಬಣ್ಣದ ಕೋಟಿಗೆ ದರ್ಜಿಯಿಂದ ಒಳಗೂ ಹೊರಗೂ ಸೇರಿ ಎಂಟು ಜೇಬು ಹೊಲಿಸಿಕೊಂಡು, ಒಂದೊಂದರಲ್ಲಿ ಒಂದೊಂದು ಜಾಗದ ಮಣ್ಣನ್ನು ಕಾಗದದಲ್ಲಿ ಕಟ್ಟಿ ಇಟ್ಟುಕೊಳ್ಳುತ್ತಾರೆ. ಭಾರವಾದ ಜೇಡಿಮಣ್ಣು ಬಲಗಡೆಯ ಕೆಳಜೇಬಿಗೆ ಮೀಸಲು. ಅವರು ನಮ್ಮ ಮನೆಗೆ ಬಂದು ಕೂತು ಎದ್ದುಹೋದ ಮೇಲೆ ಕುರ್ಚಿಯನ್ನು ಹೊರಗೊಯ್ದು ಕೊಡವಬೇಕು. ಕೊಡವಿದ ಮಣ್ಣಿನಲ್ಲಿ ಒಂದು ಕುಂಡ ತುಂಬುತ್ತದೆಂದು ನನ್ನ ಹೆಂಡತಿ ಗೊಣಗಿದ್ದನ್ನು ಒಮ್ಮೆ ಅವರಿಗೆ ತಿಳಿಸಿದೆ. ಅದು ಯಾವ ಜೇಬಿನದು ಎಂದು ಕೇಳಿದರು.

ಅವರ ಬಳಿ ಎಲ್ಲ ಪ್ರಶ್ನೆಗಳಿಗೂ ಒದಗುವ ಒಂದು ಉತ್ತರವಿದೆ: "ಮುಳ್ಳು ನಿಲ್ಲಲಿ." ತಕ್ಕಡಿಯ ಮುಳ್ಳು ಅತ್ತಿತ್ತ ಆಡುವುದು ನಿಲ್ಲುವ ಮೊದಲೇ ತೂಕ ಹೇಳಿಬಿಡುವ ಅಂಗಡಿಯವರನ್ನು ಗದರಿಸಿ ಗದರಿಸಿ ಬಾಯಿಗೆ ಅಂಟಿಕೊಂಡ ಮಾತು ಅದು. ಛತ್ರಿ ಒಯ್ಯಬೇಕೇ ಬೇಡವೇ, ಗೋಡೆಗೆ ಯಾವ ಬಣ್ಣ, ಹಲ್ಲು ಕೀಳಿಸುವುದೇ ಉಳಿಸುವುದೇ, ಎಲ್ಲಕ್ಕೂ ಮುಳ್ಳು ನಿಲ್ಲಬೇಕು. ಯೌವನದಲ್ಲಿ ನಮ್ಮ ತಂದೆಯ ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಲು ಬಂದು, ಅದರ ಹಿಂದೆ ಕೂತಿದ್ದ ಅಕ್ಕನನ್ನು ಕಂಡು ಮನಸೋತವರು, ಅದೇ ತಕ್ಕಡಿಯನ್ನು ಒಂದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷಿಸಿದರು. ಇಲಾಖೆಯ ಚರಿತ್ರೆಯಲ್ಲಿ ಅಷ್ಟು ಮುದ್ರೆ ಬಿದ್ದ ತಕ್ಕಡಿ ಇನ್ನೊಂದಿರಲಾರದು. ಒಂಬತ್ತನೆಯ ಸಲ ಅಕ್ಕನೇ ಸಾಕಾಗಿ, ತಕ್ಕಡಿ ಸರಿಯಾಗಿದೆ ಸಾಹೇಬರೇ, ನೀವು ಬಂದ ಕೆಲಸ ಹೇಳಿ ಎಂದಳು. ಆಮೇಲೂ ಅವರು ಉತ್ತರ ಕೊಡಲು ನಾಲ್ಕು ದಿನ ತೆಗೆದುಕೊಂಡರು.

ಅಕ್ಕನ ಸ್ವಭಾವ ಇದಕ್ಕೆ ತದ್ವಿರುದ್ಧ. ಬೀದಿಯ ತುದಿಯಲ್ಲಿರುವ ಹಲ್ಲಿನ ಆಸ್ಪತ್ರೆಯ ಬಿಳಿ ಕೋಟು, ಬಿಳಿ ಹೊದಿಕೆ, ಬಿಳಿ ಟವಲುಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವುದು ಇಪ್ಪತ್ತು ವರ್ಷಗಳಿಂದ ಅವಳ ಉದ್ಯೋಗ. ಬೆಳಗ್ಗೆ ಬಂದ ಗಂಟು ಸಂಜೆಗೆ ಮಡಿಕೆಯಾಗಿ ಹಿಂದಿರುಗಲೇಬೇಕು. ಅಲ್ಲಿ ಮುಳ್ಳು ನಿಲ್ಲುವುದಕ್ಕೆ ಪುರುಸೊತ್ತಿಲ್ಲ. ಮನೆಯ ಹಿಂದೆ ಸಿಮೆಂಟು ಹಾಸಿದ ಅಂಗಳ; ಅದರ ಬಿಸಿಲು ಬೀಳುವ ಭಾಗದಲ್ಲೆಲ್ಲ ಅವಳ ಹಗ್ಗಗಳು, ಹಗ್ಗಗಳ ಮೇಲೆ ಹಾಲಿನಂಥ ಬಟ್ಟೆಗಳು. ನಿವೃತ್ತರಾದ ವಾರದಲ್ಲಿ ಭಾವ ಆ ಜಾಗವನ್ನು ಕೇಳಿದರು. "ಒಂದು ವರ್ಷ ಕೊಡು ಸಾಕು. ತರಕಾರಿ ಅಂದ್ರೆ ಏನು ಅಂತ ತೋರಿಸ್ತೀನಿ." ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಮುಳ್ಳು ನಿಲ್ಲುವ ಮೊದಲೇ ಮಾತಾಡಿದ್ದರಿಂದ ಅಕ್ಕ ಕರಗಿಹೋದಳು. ಹಗ್ಗ ಬಿಚ್ಚಿದಳು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತಿ ತಾರಸಿಯ ಮೇಲೆ ಒಣಗಿಸತೊಡಗಿದಳು. ಪ್ರತಿಯಾಗಿ ಒಂದೇ ಷರತ್ತು ಹಾಕಿದಳು: ಅಂಗಳದ ನಡುವೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದು, ಈಚೆ ಒಗೆಯುವ ಕೋಣೆ ನನ್ನದು, ಮಣ್ಣು ಮೆತ್ತಿದ ಶೂ ಈ ಗೆರೆ ದಾಟಕೂಡದು ಎಂದಳು. ನಿಯಮವೆಂದರೆ ಪ್ರಾಣವಾದ ಭಾವ ಅದನ್ನು ಗಡಿಯಂತೆ ಪಾಲಿಸಿದರು.

ಸಿಮೆಂಟಿನ ಮೇಲೆ ಮಣ್ಣು ಹಾಕಬೇಕಾದ್ದರಿಂದ ಹಲಗೆ ಕಟ್ಟಿ, ಮೊಣಕಾಲೆತ್ತರದ ನಾಲ್ಕು ಏರುಮಡಿಗಳನ್ನು ಮಾಡಿದರು. ಮೂಲೆಗಳು ಎಷ್ಟು ಸಮಕೋನವೆಂದರೆ ಬಡಗಿಯೊಬ್ಬ ನೋಡಲು ಬಂದು ನಾಚಿಕೊಂಡು ಹೋದ. ಕಟ್ಟಡದವರು ಒಂದು ಲಾರಿ ಮಣ್ಣು ತಂದು ಸುರಿದರು. ಅದು ಅಪ್ಪಟ ಜೇಡಿ. ಒದ್ದೆಯಾದರೆ ಶೂ ಕಚ್ಚಿಹಿಡಿಯುವುದು, ಒಣಗಿದರೆ ಗುದ್ದಲಿಯನ್ನು ಹಿಮ್ಮೆಟ್ಟಿಸುವುದು ಅದರ ಗುಣ. ಭಾವ ಅದನ್ನು ಸಡಿಲಗೊಳಿಸಲೆಂದು ಯಾರನ್ನೂ ಕೇಳದೆ ಮರಳು ಬೆರೆಸಿದರು. ಜೇಡಿಗೆ ಸ್ವಲ್ಪ ಮರಳು ಸೇರಿದರೆ ಏನಾಗುತ್ತದೆಂಬುದು ಇಟ್ಟಿಗೆ ಸುಡುವವರಿಗೆಲ್ಲ ಗೊತ್ತು, ನನ್ನ ಭಾವನಿಗೆ ಗೊತ್ತಿರಲಿಲ್ಲ. ಬೇಸಿಗೆಯ ಕೊನೆಗೆ ನಾಲ್ಕು ಮಡಿಗಳೂ ನಾಲ್ಕು ಜಗುಲಿಗಳಾಗಿ, ಸಂಜೆ ಕೂತು ಮಾತಾಡಲು ಬಹಳ ಅನುಕೂಲವಾದವು. ಮೊದಲನೆಯ ವರ್ಷ ಹೀಗೆ ಕೂತೇ ಕಳೆಯಿತು.

ಎರಡನೆಯ ವರ್ಷ ಅವರು ತಪ್ಪನ್ನು ಒಪ್ಪಿಕೊಂಡು, ಕೈ ತೊಳೆದುಕೊಂಡು ಮಣ್ಣಿನ ಬೆನ್ನು ಹತ್ತಿದರು. ಎಲೆ ಕೊಳೆಸಿದ ಗೊಬ್ಬರ ಬಂತು, ಕುದುರೆ ಲಾಯದಿಂದ ಲದ್ದಿ ಬಂತು. ಹಸಿ ಲದ್ದಿ ಒಳಗೊಳಗೇ ಕಾದು ಚಳಿಗಾಲದ ಬೆಳಿಗ್ಗೆ ಮಡಿಯಿಂದ ಹೊಗೆಯೆದ್ದು, ಪಕ್ಕದ ಮನೆಯವರು ಬಕೆಟ್ಟು ಹಿಡಿದು ಓಡಿಬಂದರು. ಎರೆಹುಳುಗಳು ಬಂದವು. ಪ್ರತಿ ಭಾನುವಾರ ಒಂದು ಅಡಿ ಚೌಕದ ಮಣ್ಣನ್ನು ಅಗೆದು ಬಿಳಿ ತಟ್ಟೆಯ ಮೇಲೆ ಹರಡಿ ಹುಳುಗಳ ಜನಗಣತಿ ನಡೆಯುತ್ತಿತ್ತು. ಒಂದು ಕಡಿಮೆಯಾದರೂ ಭಾವ ಅಂದು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಮನೆಯ ಗಾಜಿನ ಜಾಡಿಗಳೆಲ್ಲ ಕಿಟಕಿಯ ಕಟ್ಟೆಗೆ ವರ್ಗವಾದವು. ಜಾಡಿಯ ಮೂರರಲ್ಲೊಂದು ಪಾಲು ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ, ನಯವಾದ ಮೆಕ್ಕಲು ಒಂದೆರಡು ತಾಸಿನಲ್ಲಿ ಅದರ ಮೇಲೆ ಕೂರುತ್ತದೆ, ಜೇಡಿ ಮಾತ್ರ ಎರಡು ದಿನ ನೀರಲ್ಲೇ ತೇಲಾಡುತ್ತ ಯೋಚಿಸುತ್ತದೆ. ಈ ಜೇಡಿಯ ಮೇಲೆ ಭಾವನಿಗೆ ವಿಶೇಷ ಗೌರವ. ಅಕ್ಕ ಒಮ್ಮೆ ಧೂಳು ಒರೆಸಲು ಒಂದು ಜಾಡಿಯನ್ನು ಎತ್ತಿ ಅಲುಗಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಸಕ್ಕರೆ ಆ ಮನೆಯಲ್ಲಿ ಇವತ್ತಿಗೂ ಕಾಗದದ ಪೊಟ್ಟಣದಲ್ಲೇ ಇದೆ.

ಎರಡನೆಯ ವರ್ಷದ ಕೊನೆಗೆ ಆ ಮಣ್ಣು ಕಪ್ಪಗೆ, ಸಡಿಲವಾಗಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ, ಬೆರಳಿಂದ ತಟ್ಟಿದರೆ ಉದುರುವಷ್ಟು ಹದವಾಗಿ ನಿಂತಿತ್ತು. ಮೂಲಂಗಿಯೋ ಸೊಪ್ಪೋ ಏನು ಎಸೆದರೂ ಬರುತ್ತಿತ್ತು. ಭಾವ ಏನೂ ಎಸೆಯಲಿಲ್ಲ. ನಾಲ್ಕೂ ಮಡಿಗಳಿಗೆ ತಂತಿ ಬಿಗಿದು, ಸೀಸದ ಮುದ್ರೆ ಒತ್ತಿ, ರಟ್ಟಿನ ಚೀಟಿ ತೂಗುಹಾಕಿದರು: "ಪರಿಶೀಲನೆಯಲ್ಲಿದೆ. ಮುಟ್ಟಬಾರದು."

ಮೂರನೆಯ ವರ್ಷ ಮಾದರಿಗಳ ವರ್ಷ. ವಾರಕ್ಕೊಮ್ಮೆ ತಾವೇ ಮುದ್ರೆ ಬಿಚ್ಚಿ, ಮಡಿಯಿಂದ ಒಂದು ಬಕೆಟ್ಟಿನಷ್ಟು ಮಣ್ಣು ತೆಗೆದು, ಅದಕ್ಕೆ ಇಷ್ಟು ಗೊಬ್ಬರ, ಇಷ್ಟು ಮರಳು, ಇಷ್ಟು ಸುಣ್ಣ ಎಂದು ಬೆರೆಸಿ ಸಂಖ್ಯೆ ಕೊಡುತ್ತಿದ್ದರು. ಆ ಬೆರಕೆಯಿಂದ ಮೂರು ಕಾಗದದ ಲೋಟ ತುಂಬಿ ಒಂದೊಂದರಲ್ಲಿ ಒಂದು ಬೀನ್ಸ್ ಬೀಜ ಊರುವುದು. ಮೊಳಕೆ ಬಂದು ನಾಲ್ಕು ಎಲೆಯಾದ ಮೇಲೆ ಅಳತೆಪಟ್ಟಿಯಿಂದ ಅಳೆದು, ಎಲೆಯ ಬಣ್ಣ, ಕಾಂಡದ ದಪ್ಪ ಎಲ್ಲವನ್ನೂ ಬರೆದುಕೊಂಡು, ಒಂದಲ್ಲ ಒಂದು ಕುಂದು ಹುಡುಕಿ "ತಿರಸ್ಕೃತ" ಎಂದು ಷರಾ ಬರೆಯುವುದು. ಆಮೇಲೆ ಆ ಸಸಿಗಳನ್ನೂ ಉಳಿದ ಬಕೆಟ್ಟಿನ ಮಣ್ಣನ್ನೂ ಎಸೆಯಲೆಂದು ಗೆರೆಯ ಅಂಚಿಗೆ ತಂದಿಡುತ್ತಿದ್ದರು. ಇಷ್ಟು ಲಕ್ಷಣವಾಗಿ ಹುಟ್ಟಿದ್ದನ್ನು ಯಾಕೆ ಎಸೆಯುತ್ತೀರಿ, ಮಡಿಯಲ್ಲಿ ನೆಡಬಾರದೇ ಎಂದು ನಾನು ಕೇಳಿದರೆ, ಪರೀಕ್ಷೆಗೆ ಒಳಪಟ್ಟ ಮಾದರಿಯನ್ನು ಬಳಕೆಗೆ ಬಿಡುವ ಹಾಗಿಲ್ಲ ಎಂದರು. ಮೂವತ್ತೊಂದು ವರ್ಷ ಸುತ್ತಿಗೆ ಹಿಡಿದಿದ್ದ ಕೈ ಅದು; ಬೀನ್ಸ್ ಸಸಿಗೂ ಸುಳ್ಳು ತೂಕದ ಕಲ್ಲಿಗೂ ಅದಕ್ಕೆ ವ್ಯತ್ಯಾಸ ತಿಳಿಯಲಿಲ್ಲ.

ಮೂರು ಬೀದಿ ಆಚೆಯಿರುವ ನಾನು ಪ್ರತಿ ಭಾನುವಾರ ಅವರ ಮನೆಗೆ ಊಟಕ್ಕೆ ಹೋಗುತ್ತೇನೆ. ಹಾಗೊಂದು ಭಾನುವಾರ ಕೈ ತೊಳೆಯಲು ಒಗೆಯುವ ಕೋಣೆಯ ಹಿಂದಕ್ಕೆ ಹೋದವನು ನಿಂತಲ್ಲೇ ನಿಂತೆ. ಕೋಣೆಗೂ ಕಾಂಪೌಂಡಿಗೂ ನಡುವೆ ಒಂದು ಓಣಿ. ಬೆಳಗಿನ ಹೊತ್ತು ನಾಲ್ಕು ತಾಸು ಬಿಸಿಲು ಬರುತ್ತದೆ, ಹೊದಿಕೆ ಒಣಗಿಸುವಷ್ಟು ಅಗಲವಿಲ್ಲ. ಅಲ್ಲಿ ಹನ್ನೊಂದು ಹಳೆಯ ಬಕೆಟ್ಟುಗಳು, ಒಂದು ಒಡಕು ತೊಟ್ಟಿ. ಅವುಗಳಿಂದೆದ್ದ ಬಳ್ಳಿಗಳು ಬಿಚ್ಚಿಟ್ಟ ಬಟ್ಟೆಹಗ್ಗಗಳನ್ನು ಹಿಡಿದು ಗೋಡೆ ಹತ್ತಿದ್ದವು, ಬಿಳಿ ಹೂವಾಗಿತ್ತು. ಎಸೆಯಲು ಕೊಟ್ಟ ಸಸಿಗಳನ್ನು ಎಸೆಯಲು ಅಕ್ಕನಿಗೆ ಮನಸ್ಸು ಬಂದಿರಲಿಲ್ಲ. ತಿರಸ್ಕೃತ ಮಣ್ಣನ್ನು ಹಳೆಯ ಬಕೆಟ್ಟಿಗೆ ಸುರಿದು ತಿರಸ್ಕೃತ ಸಸಿಗಳನ್ನು ಅದರಲ್ಲೇ ನೆಟ್ಟಿದ್ದಳು, ಕೊನೆಯ ಸಲ ಜಾಲಾಡಿದ ನೀರನ್ನು ಹಾಕಿದ್ದಳು, ಅಷ್ಟೇ. ಗೆರೆ ದಾಟದ ಭಾವನಿಗೆ ಇದರ ಸುಳಿವೇ ಇರಲಿಲ್ಲ. ತೋರಿಸಬಾರದೇ ಎಂದೆ.

"ತೋರಿಸಿದ್ರೆ ಇದನ್ನೂ ಅಳೀತಾ ಕೂರ್ತಾರೆ ಕಣೋ," ಎಂದಳು ಅಕ್ಕ. "ಅವರ ಕೈಯಿಂದ ಒಂದು ಬೀಜ ಆ ಮಡಿಗೆ ಬೀಳಲಿ, ಆಮೇಲೆ ತೋರಿಸ್ತೀನಿ. ಅಲ್ಲೀವರೆಗೂ ನೀನು ಉಸಿರೆತ್ತಬೇಡ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬೀಗ ಹಾಕಿಕೊಂಡು ನಗುವುದು ಎಷ್ಟು ಕಷ್ಟವೆಂದು ಮುಂದಿನ ಎರಡು ತಿಂಗಳಲ್ಲಿ ತಿಳಿಯಿತು.

ಆ ಹೊತ್ತಿಗೆ ಅಕ್ಕನ ಮೊಣಕಾಲು ಕೈಕೊಟ್ಟಿತು. ಮೂರು ವರ್ಷ ದಿನಕ್ಕೆ ಐದಾರು ಸಲ ಇಪ್ಪತ್ತೆರಡು ಮೆಟ್ಟಿಲು, ಒದ್ದೆ ಬಟ್ಟೆಯ ಭಾರ. ಡಾಕ್ಟರು ಇನ್ನು ಮೆಟ್ಟಿಲು ಹತ್ತಕೂಡದು ಎಂದುಬಿಟ್ಟರು. ಆಸ್ಪತ್ರೆಯ ಬಟ್ಟೆ ಒಣಗದಿದ್ದರೆ ಅವಳ ಕೆಲಸ ನಿಲ್ಲುತ್ತದೆ, ಆದ್ದರಿಂದ ಕುಂಟುತ್ತಲೇ ಹತ್ತುತ್ತಿದ್ದಳು. ಅವಳು ಗಂಡನ ಮುಂದೆ ಅಳಲಿಲ್ಲ, ರೇಗಲಿಲ್ಲ; ಅವರಿಗೆ ಅರ್ಥವಾಗುವ ಒಂದೇ ಭಾಷೆಯಲ್ಲಿ ಒಂದು ನೋಟಿಸು ಬರೆದುಕೊಟ್ಟಳು. "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಅಂಗಳದ ನಾಲ್ಕು ಮಡಿಗಳ ಮಣ್ಣಿನಲ್ಲಿ ಬೆಳೆದ ತರಕಾರಿಯು ಅರವತ್ತು ದಿನಗಳೊಳಗೆ ಊಟದ ತಟ್ಟೆಗೆ ಬಾರದಿದ್ದಲ್ಲಿ, ಸದರಿ ಮಡಿಗಳನ್ನು ತೆರವುಗೊಳಿಸಿ ಬ‌ಟ್ಟೆಯ ಹಗ್ಗಗಳನ್ನು ಪೂರ್ವಸ್ಥಿತಿಯಲ್ಲಿ ಕಟ್ಟಲಾಗುವುದು." ಭಾವ ಕನ್ನಡಕ ಹಾಕಿಕೊಂಡು ಓದಿ, ದಿನಾಂಕ ಹಾಕಿಲ್ಲವೆಂದು ಹಿಂದಿರುಗಿಸಿದರು. ಅವಳು ಹಾಕಿಕೊಟ್ಟಳು. ಸ್ವೀಕರಿಸಿದ್ದೇನೆ ಎಂದು ರುಜು ಮಾಡಿದರು. ಆ ನಾಲ್ಕು ಮಡಿಗಳು ಹೋದರೆ ಈ ಮನುಷ್ಯ ಮತ್ತೆ ಬೀದಿಯಲ್ಲಿ ಎಡಕ್ಕೆ ಸರಿಯುತ್ತ ನಡೆಯುತ್ತಾರೆಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಭಾವ ಲೆಕ್ಕ ಹಾಕಿದರು. ಬೀನ್ಸಿಗೆ ಐವತ್ತೈದು ದಿನ ಸಾಕು. ಆದ್ದರಿಂದ ಕೊನೆಯ ಪರೀಕ್ಷೆಗೆ ಐದು ದಿನ ಕೈಯಲ್ಲಿದೆ. ಐದು ದಿನ ಹದಿನೈದಾಯಿತು. ಬೀನ್ಸ್ ಕೈತಪ್ಪಿತು, ಚಿಂತೆಯಿಲ್ಲ, ಮೂಲಂಗಿಗೆ ಮೂವತ್ತು ದಿನ ಸಾಕು ಎಂದರು. ಮೂಲಂಗಿಯ ದಿನವೂ ಕಳೆಯಿತು. ಸೊಪ್ಪಿಗೆ ಇಪ್ಪತ್ತು ದಿನ. ಬೇರೆಯವರ ತಕ್ಕಡಿಯಲ್ಲಿ ಅರ್ಧ ಗ್ರಾಮಿನ ಮೋಸ ಹಿಡಿಯುತ್ತಿದ್ದವರು ತಮ್ಮ ಕಣ್ಣೆದುರಿಗೇ ದಿನಗಳು ಸೋರುವುದನ್ನು ನೋಡುತ್ತ ಮುಳ್ಳು ನಿಲ್ಲಲಿ ಎನ್ನುತ್ತಿದ್ದರು.

ಇದರ ನಡುವೆ, ನೋಟಿಸು ಕೊಟ್ಟ ಮೂರನೆಯ ವಾರ, ಅಕ್ಕ ತನ್ನ ಬಕೆಟ್ಟಿನ ಬೀನ್ಸನ್ನು ಬೇಯಿಸಿ ತಟ್ಟೆಗೆ ಹಾಕಿದಳು. ಭಾವ ಒಂದು ತುಂಡನ್ನು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಕಣ್ಣು ಮುಚ್ಚಿತು, ತಲೆ ಮೆಲ್ಲಗೆ ಓರೆಯಾಯಿತು. ನಾನು ನೀರಿನ ಲೋಟದೊಳಗೆ ಮುಖ ಹುದುಗಿಸಿದೆ.

"ಇದು ಯಾವ ಅಂಗಡೀದು?" ಎಂದರು.

ಎಲ್ಲೋ ಸಿಕ್ಕಿತು ಎಂದು ಅಕ್ಕ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದಳು. ಭಾವ ಎರಡನೆಯ ಸಲ ಬಡಿಸಿಕೊಂಡರು, ಅವರ ಚರಿತ್ರೆಯಲ್ಲಿ ಇದು ಅಪರೂಪ. "ಈ ಬೀನ್ಸ್ ಬೆಳೆದ ಮಣ್ಣು ನನಗೆ ಬೇಕು," ಎಂದರು. ಆ ಮಣ್ಣಿಗಾಗಿಯೇ ತಾವು ಮೂರು ವರ್ಷ ತಪಸ್ಸು ಮಾಡಿದ್ದು, ಅದನ್ನು ತಂದು ಮಡಿಗೆ ಬೆರೆಸಿದರೆ ಮಾತ್ರ ಬಿತ್ತನೆ ಎಂದು ಘೋಷಿಸಿದರು. ಅಕ್ಕ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಮಾರನೆಯ ದಿನದಿಂದ ಇನ್ಸ್‌ಪೆಕ್ಟರು ತನಿಖೆಗೆ ಹೊರಟರು. ಹಸಿ ಬೀನ್ಸೊಂದನ್ನು ಅಡುಗೆಮನೆಯಿಂದ ಎತ್ತಿ, ಕಾಗದದಲ್ಲಿ ಸುತ್ತಿ, ಎದೆಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುವರು. ದೊಡ್ಡ ಮಾರುಕಟ್ಟೆಯಿಂದ ಶುರುಮಾಡಿ, ಸಗಟು ಮಂಡಿ, ಅಲ್ಲಿಂದ ಬಸ್ಸಿನ ಕೊನೆಯ ನಿಲ್ದಾಣದಾಚೆಯ ತೋಟಗಳವರೆಗೂ ಹೋದರು. ರೈತರು ಈ ಕೋಟಿನ ಮನುಷ್ಯ ತಮ್ಮ ಹೊಲದ ಮಣ್ಣನ್ನು ನಾಲಗೆಗಿಟ್ಟು ಸಪ್ಪೆ ಎಂದು ತಲೆಯಾಡಿಸಿ ಹೋಗುವುದನ್ನು ಬಾಯಿಬಿಟ್ಟುಕೊಂಡು ನೋಡಿದರು. ಸಂಜೆ ದಣಿದು ಬಂದು ಊಟಕ್ಕೆ ಕೂತರೆ ತಟ್ಟೆಯಲ್ಲಿ ಅದೇ ಬೀನ್ಸ್. ತಿಂದು, ನಿಟ್ಟುಸಿರು ಬಿಟ್ಟು, ನಾಳೆ ಇನ್ನೂ ದೂರ ಹೋಗಬೇಕು ಎನ್ನುವರು. ಮನೆಯಿಂದ ನಲವತ್ತು ಹೆಜ್ಜೆಯಲ್ಲಿರುವ ತರಕಾರಿ ಅಂಗಡಿಯನ್ನು ಕೇಳಬೇಕೆಂದು ಅವರಿಗೆ ಹೊಳೆದದ್ದು ಅರವತ್ತನೆಯ ದಿನ. ಆ ಅಂಗಡಿಯಾಕೆಯ ತಕ್ಕಡಿಗೆ ಅವರೇ ಎಷ್ಟೋ ವರ್ಷ ಮುದ್ರೆ ಒತ್ತಿದ್ದರು. ಆಕೆ ಬೀನ್ಸನ್ನು ತಿರುಗಿಸಿ ನೋಡಿ, "ನಮ್ಮದಲ್ಲ ಸಾಹೇಬ್ರೇ. ಅಮ್ಮಾವ್ರು ನನ್ನ ಹತ್ರ ಬೀನ್ಸ್ ತಗೊಂಡು ಎರಡು ತಿಂಗಳಾಯ್ತು," ಎಂದಳು.

ಅಂದು ಭಾನುವಾರ, ನಾನು ಅಂಗಳದಲ್ಲೇ ಇದ್ದೆ. ಭಾವ ನಿಧಾನವಾಗಿ ಬಂದು ಬಿಳಿ ಗೆರೆಯ ಮುಂದೆ ನಿಂತರು. ಊರಾಚೆಯ ತೋಟಗಳವರೆಗೂ ಸುತ್ತಿಬಂದ ತನಿಖೆ ಕೊನೆಗೆ ತಮ್ಮ ಮನೆಯ ಹಿಂಬಾಗಿಲಿಗೇ ಬಂದು ತಲುಪಿದ್ದನ್ನು ಅವರ ಮುಖ ಹೇಳುತ್ತಿತ್ತು.

"ಗೆರೆ ದಾಟ್ಲಾ?" ಎಂದು ಅಕ್ಕನನ್ನು ಕೇಳಿದರು.

"ಶೂ ಬಿಚ್ಚಿಟ್ಟು ಬನ್ನಿ."

ಶೂ ಬಿಚ್ಚಿದರು. ಸ್ವಲ್ಪ ಯೋಚಿಸಿ ಕೋಟನ್ನೂ ಬಿಚ್ಚಿ, ಎಂಟು ಜೇಬಿನ ಮಣ್ಣೂ ಚೆಲ್ಲದಂತೆ ಮಡಿಸಿ, ಗೆರೆಯ ಆಚೆಯೇ ಇಟ್ಟರು. ಕೋಟಿಲ್ಲದ ಭಾವನನ್ನು ನಾನು ನೋಡಿದ್ದು ಅಂದೇ ಮೊದಲು. ಇಷ್ಟು ಸಣ್ಣ ಮನುಷ್ಯರೆಂದು ಗೊತ್ತಿರಲಿಲ್ಲ. ಓಣಿಗೆ ಹೋಗಿ ಬಳ್ಳಿಗಳನ್ನು ನೋಡಿದರು, ಕಾಯಿಗಳನ್ನು ನೋಡಿದರು. ಬಗ್ಗಿ ಮೊದಲನೆಯ ಬಕೆಟ್ಟಿನಿಂದ ಒಂದು ಚಿಟಿಕೆ ನಾಲಗೆಗಿಟ್ಟರು, ಎರಡನೆಯದು, ಮೂರನೆಯದರಲ್ಲಿ ನಿಂತರು.

"ಇದು ಹದಿನಾಲ್ಕನೇ ಮಾದರಿ."

"ಹೌದು."

"ನಾನು ತಿರಸ್ಕಾರ ಮಾಡಿದ್ದೆ."

"ಹೌದು. ಏನು ಕುಂದಿತ್ತು?"

"ಮರಳು ಒಂದು ಪಾಲು ಹೆಚ್ಚು," ಎಂದರು ಭಾವ. ನಾನು ತಡೆಯಲಾರದೆ ನಕ್ಕುಬಿಟ್ಟೆ. ಅಕ್ಕ ನನ್ನತ್ತ ತಿರುಗಿ ನೋಡಿದ ನೋಟಕ್ಕೆ ಆ ನಗು ಅರ್ಧದಲ್ಲೇ ಸತ್ತಿತು.

ಭಾವ ಹಿಂದಿರುಗಿ, ಶೂ ಹಾಕಿಕೊಂಡು, ಸ್ಕ್ರೂಡ್ರೈವರ್ ತಂದು, ಮೊದಲನೆಯ ಮಡಿಯ ಹಲಗೆಯ ಸ್ಕ್ರೂ ಬಿಚ್ಚತೊಡಗಿದರು. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ, ಅರವತ್ತು ದಿನ ಮುಗಿಯಿತು, ನಾನು ಬೆಳೆಯಲಿಲ್ಲ ಎಂದರು. ನೆವ ಹೇಳಲಿಲ್ಲ, ಗಡುವು ಕೇಳಲಿಲ್ಲ. ಇತರರ ಕಲ್ಲುಗಳನ್ನು ಕುಟ್ಟಿದ ನಿಷ್ಠೆಯಿಂದಲೇ ತಮ್ಮ ಮಡಿಯನ್ನೂ ಕಳಚುತ್ತಿದ್ದರು. ಇಷ್ಟು ದಿನ ಈ ಮನುಷ್ಯನನ್ನು ಆಡಿಕೊಂಡು ನಕ್ಕ ನಾನು ಅಂಥ ಪ್ರಾಮಾಣಿಕತೆಯಿಂದ ಒಂದು ಸ್ಕ್ರೂವನ್ನಾದರೂ ಎಂದಾದರೂ ತಿರುಗಿಸಿದ್ದೇನೆಯೇ ಎಂದು ನಾಚಿಕೆಯಾಯಿತು.

ಅಕ್ಕ ಒಳಗಿಂದ ನೋಟಿಸು ತಂದು ಅವರ ಮುಂದೆ ಹಿಡಿದಳು. "ಸರಿಯಾಗಿ ಓದಿ. ಮಡಿಗಳ ಮಣ್ಣಿನಲ್ಲಿ ಬೆಳೆದ ತರಕಾರಿ ತಟ್ಟೆಗೆ ಬರಬೇಕು ಅಂತಿದೆ. ಬಂದಿದೆ. ಆರು ವಾರದಿಂದ ಎರಡೆರಡು ಸಲ ಬಡಿಸಿಕೊಂಡಿದ್ದೀರಿ. ಯಾರು ಬಿತ್ತಬೇಕು ಅಂತ ಇದರಲ್ಲಿ ಬರೆದಿಲ್ಲ."

ಭಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ತಮ್ಮ ವಿರುದ್ಧ ಒಂದು ಮಾತನ್ನಾದರೂ ಹುಡುಕುತ್ತಿದ್ದರು, ಸಿಗಲಿಲ್ಲ. ಅಷ್ಟರಲ್ಲಿ ಅಕ್ಕ ಸೆರಗಿನ ಗಂಟು ಬಿಚ್ಚಿ ಐದು ಒಣಬೀಜಗಳನ್ನು ಅವರ ಅಂಗೈಗೆ ಹಾಕಿದಳು. ಹದಿನಾಲ್ಕನೇ ಮಾದರಿಯ ಬಳ್ಳಿಯಲ್ಲೇ ಒಣಗಲು ಬಿಟ್ಟ ಕಾಯಿಯ ಬೀಜಗಳು. ಮಡಿಯ ತಂತಿಯ ಮುದ್ರೆಯನ್ನು ಅವಳೇ ಕತ್ತರಿಸಿದಳು. ಭಾವ ಬೀಜ ಹಿಡಿದು ನಿಂತರು, ಬಗ್ಗಲಿಲ್ಲ. ನಾನು ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ ಕೇಳಿದರು:

"ಬರದಿದ್ರೆ?"

ಮೂರು ವರ್ಷದ ಜಾಡಿ, ಜರಡಿ, ಜನಗಣತಿ, ಮುದ್ರೆ ಎಲ್ಲದರ ಹಿಂದೆ ಇದ್ದದ್ದು ಈ ಒಂದು ಪದ. ಜೀವಮಾನವೆಲ್ಲ ಬೇರೆಯವರ ತಕ್ಕಡಿಯ ಮುಂದೆ ನಿಂತವರು ಅಂದು ಮೊದಲ ಸಲ ತಮ್ಮ ತಕ್ಕಡಿಯ ಮುಂದೆ ನಿಂತಿದ್ದರು, ಮಗುವಿನಷ್ಟು ಹೆದರಿದ್ದರು.

"ಬರದಿದ್ರೆ ಅಂಗಡೀಲಿ ಸಿಗುತ್ತೆ," ಎಂದಳು ಅಕ್ಕ.

ಭಾವ ಅವಳ ಮುಖ ನೋಡಿದರು. ಆಮೇಲೆ ಬಗ್ಗಿ, ಆಳ ಅಳೆಯಲು ಪ್ಯಾಂಟಿನ ಜೇಬಿನಿಂದ ಅಳತೆಪಟ್ಟಿ ತೆಗೆದರು. ಅಕ್ಕ ಅದನ್ನು ಕಿತ್ತುಕೊಂಡಳು. ಬೆರಳಿನಿಂದಲೇ ಐದು ಕುಳಿ ಮಾಡಿ ಐದು ಬೀಜ ಹಾಕಿ ಮಣ್ಣು ಮುಚ್ಚಿದರು. ನಾಲಗೆಗೆ ಮಾತ್ರ ಏನನ್ನೂ ಮುಟ್ಟಿಸಲಿಲ್ಲ.

ಆ ವಾರವೇ ಎರಡು ಮಡಿಗಳನ್ನು ತಾವಾಗಿ ಕಳಚಿ ಹಗ್ಗ ಕಟ್ಟಿಕೊಟ್ಟರು. ಅಕ್ಕ ಈಗ ಮೆಟ್ಟಿಲು ಹತ್ತುವುದಿಲ್ಲ. ಹಗ್ಗಗಳು ಉಳಿದೆರಡು ಮಡಿಗಳ ಮೇಲೆಯೇ ಹಾದುಹೋಗುತ್ತವೆ, ಆಸ್ಪತ್ರೆಯ ಹೊದಿಕೆಗಳ ನೀರು ತೊಟ್ಟಿಕ್ಕಿ ಗಿಡಗಳಿಗೆ ಬೀಳುತ್ತದೆ. ಸೋಪಿನ ಅಂಶವಿದೆಯೇ ಎಂದು ಭಾವ ಮೊದಲ ದಿನ ಹೊದಿಕೆಯ ತುದಿಯನ್ನು ನೆಕ್ಕಿ ನೋಡಿ, ಬಟ್ಟೆ ವಿಚಾರಿಸಲು ಬಂದಿದ್ದ ಹಲ್ಲಿನ ಡಾಕ್ಟರ ಕೈಗೆ ಸಿಕ್ಕಿಬಿದ್ದರು. ಐದು ಬೀಜಗಳಲ್ಲಿ ನಾಲ್ಕು ಹುಟ್ಟಿದವು, ಒಂದನ್ನು ಬಸವನಹುಳು ತಿಂದಿತು. ಬೆಳೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಒಂದು ಸಂಜೆ ಭಾವ ನಮ್ಮ ಮನೆಗೆ ಬಂದು, ಕೋಟಿನ ಬಲಗಡೆಯ ಕೆಳಜೇಬಿನಿಂದ ಹನ್ನೊಂದು ಬೀನ್ಸ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಂದು ಗಿಡ್ಡ, ಒಂದು ಉದ್ದ, ಎರಡು ಸೊಟ್ಟ. ಉದ್ದವಿರುವುದು ಎಷ್ಟು ಇಂಚು ಬಂತು ಎಂದು ಕೆಣಕಿದೆ. "ಅಳೀಲಿಲ್ಲ," ಎಂದರು.

ಆ ಮೇಜಿನ ಖಾನೆಯಲ್ಲಿ ನಾನು ಬರೆಯಬೇಕೆಂದಿರುವ ಒಂದು ಪುಸ್ತಕದ ಮುನ್ನುಡಿಯಿದೆ. ಮುನ್ನುಡಿಯನ್ನು ಹದಿಮೂರು ಸಲ ತಿದ್ದಿದ್ದೇನೆ. ಪುಸ್ತಕದ ಮೊದಲ ಸಾಲು ಇನ್ನೂ ಬರೆದಿಲ್ಲ. ಆದ್ದರಿಂದ ಭಾವನಂಥವರ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದುಕೊಳ್ಳುತ್ತೇನೆ. ಸಿದ್ಧತೆಯಲ್ಲೇ ಆಯುಷ್ಯ ಸವೆಸುವ ಇವರನ್ನು ಲೋಕ ಸೋಮಾರಿಗಳ ಸಾಲಿನಲ್ಲಿ ಕೂರಿಸಿ ನಗುತ್ತದೆ, ಅದು ಅನ್ಯಾಯ. ಸೋಮಾರಿಗೆ ಫಲದ ಆಸೆಯೇ ಇರುವುದಿಲ್ಲ. ಇವರಿಗೋ ಫಲದ ಮೇಲೆ ಎಷ್ಟು ಪ್ರೀತಿಯೆಂದರೆ, ಅದು ಸೊಟ್ಟಗೆ ಬಂದರೆ ಎಂಬ ಭಯಕ್ಕೆ ಬೀಜವನ್ನೇ ಮುಷ್ಟಿಯಲ್ಲಿ ಬಿಗಿಹಿಡಿದಿರುತ್ತಾರೆ. ಇವರು ಹದಮಾಡಿ ಬೇಡವೆಂದು ಎಸೆದ ಮಣ್ಣಿನಲ್ಲಿ ಇನ್ಯಾರೋ ಬೆಳೆದುಕೊಂಡು, ಇವರಿಗೂ ಬಡಿಸಿರುತ್ತಾರೆ, ಇವರಿಗೇ ತಿಳಿದಿರುವುದಿಲ್ಲ. ಮಣ್ಣು ಯಾವತ್ತೋ ಸರಿಯಾಗಿರುತ್ತದೆ. ಇವರಿಗೆ ಬೇಕಾಗಿರುವುದು, ಬರದಿದ್ದರೂ ಊಟ ನಿಲ್ಲುವುದಿಲ್ಲ ಎಂದು ಪಕ್ಕದಲ್ಲಿ ನಿಂತು ಹೇಳುವ ಒಬ್ಬರು, ಅಷ್ಟೇ.